ಅಪ್ಪನ ಕಾಲು ನೋಡು, ಬಾಯಿ ನೋಡಬೇಡ

ಹೋದ ತಿಂಗಳು ನನ್ನ ಗೆಳೆಯ ಸುಧಾಕರನನ್ನು ಅವನ ಮಗಳೇ ಕೆಸರಿಗೆ ಬೀಳಿಸಿದಳು. ಹಾಡಹಗಲೇ, ನಮ್ಮ ಹೌಸಿಂಗ್ ಸೊಸೈಟಿಯವರೆಲ್ಲ ನೋಡುತ್ತಿರುವಾಗ. ಹೇಳಿಕೊಟ್ಟವನು ನಾನೇ. ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ.

ವಿಷಯ ಹೀಗೆ. ವಾರವಿಡೀ ಠಾಣೆಯ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ಆಫೀಸಿನಲ್ಲಿ ಕುರ್ಚಿ ಸವೆಸುವ ನಾನು ಭಾನುವಾರ ಡೊಂಬಿವಲಿಯಲ್ಲಿ ನಮ್ಮ ಸೊಸೈಟಿಯ ಮಕ್ಕಳಿಗೆ ಅಮೆರಿಕನ್ ಫುಟ್‌ಬಾಲ್ ಕಲಿಸುತ್ತೇನೆ. (ನಗಬೇಡಿ. ಮೈದಾನದ ಒಳ್ಳೆಯ ಭಾಗವೆಲ್ಲ ಕ್ರಿಕೆಟ್ಟಿನವರ ಪಾಲು. ನಮಗೆ ಉಳಿದದ್ದು ಕೆಸರು, ಈ ಆಟಕ್ಕೆ ಕೆಸರು ಅಡ್ಡಿಯಿಲ್ಲ.) ಮಕ್ಕಳ ಆಟದಲ್ಲಿ ಮೈಮೇಲೆ ಬೀಳುವ ಹಾಗಿಲ್ಲ. ಸೊಂಟಕ್ಕೆ ಸಿಕ್ಕಿಸಿದ ಬಟ್ಟೆಯ ಪಟ್ಟಿ ಕಿತ್ತರೆ ಓಟ ಮುಗಿಯಿತು.

ಇದರಲ್ಲಿ ‘ಆಪ್ಷನ್’ ಅಂತ ಒಂದು ಪಟ್ಟು. ತಂಡ ನಡೆಸುವ ಕ್ವಾರ್ಟರ್‌ಬ್ಯಾಕ್ ಚೆಂಡು ಹಿಡಿದು ಅಂಚಿನ ಕಡೆ ಓಡುತ್ತಾಳೆ. ಸ್ವಲ್ಪ ಹಿಂದೆ, ಪಕ್ಕದಲ್ಲಿ ಒಬ್ಬ ಜೊತೆಗಾರ. ಎದುರು ತಂಡದ ಕಾವಲುಗಾರ ಅವಳ ಮೇಲೇ ಬಂದರೆ ಚೆಂಡನ್ನು ಜೊತೆಗಾರನಿಗೆ ಎಸೆಯಬೇಕು. ಅವನು ಜೊತೆಗಾರನನ್ನು ಕಾದರೆ ತಾನೇ ನುಗ್ಗಬೇಕು. ತೀರ್ಮಾನ ಓಡುತ್ತಲೇ ಆಗಬೇಕು, ಅವಳೇ ಮಾಡಬೇಕು. ಕೋಚ್‌ಗೂ ಅಲ್ಲಿ ಏನೂ ಕೆಲಸವಿಲ್ಲ.

ನಮ್ಮ ಕ್ವಾರ್ಟರ್‌ಬ್ಯಾಕ್ ಸುಧಾಕರನ ಮಗಳು ಶ್ರಾವ್ಯ. ಒಂಬತ್ತನೇ ಕ್ಲಾಸು. ಓಟದಲ್ಲಿ ಅವಳನ್ನು ಹಿಡಿಯುವವರಿಲ್ಲ. ಆದರೆ ತೀರ್ಮಾನ ಮಾಡುವ ಹೊತ್ತಿಗೆ ಸರಿಯಾಗಿ ಕತ್ತು ತಿರುಗಿಸಿ, ಗೆರೆಯಾಚೆ ನಿಂತ ಅಪ್ಪನ ಮುಖ ನೋಡುತ್ತಾಳೆ. ಅಪ್ಪ ಬಾಯಿ ತೆರೆಯುವಷ್ಟರಲ್ಲಿ ಪಟ್ಟಿ ಇನ್ನೊಬ್ಬರ ಕೈಯಲ್ಲಿ.

ತಪ್ಪು ಅವಳದೇ? ನಮ್ಮ ಮನೆಗಳಲ್ಲಿ ನೆಂಟರು ಮಗುವನ್ನು ಯಾವ ಕ್ಲಾಸು ಅಂತ ಕೇಳುತ್ತಾರೆ, ಉತ್ತರ ಅಮ್ಮ ಕೊಡುತ್ತಾಳೆ. ಹೋಟೆಲಿನಲ್ಲಿ ವೇಟರ್ ಮಗುವನ್ನು ಕೇಳುತ್ತಾನೆ, ಅವಳಿಗೆ ಸಾದಾ ದೋಸೆ ಸಾಕು ಅಂತ ಅಪ್ಪ ಹೇಳುತ್ತಾನೆ. ಹೀಗೆ ಬೆಳೆದವಳಿಗೆ ಏಕಾಏಕಿ ಓಡುತ್ತಾ ಓಡುತ್ತಾ ನೀನೇ ತೀರ್ಮಾನಿಸು ಅಂದರೆ?

ವಾಶಿಯಲ್ಲಿ ಪಂದ್ಯ ಹತ್ತಿರ ಬಂದಿತ್ತು. ಹೀಗೇ ಆದರೆ ಆ ಜಾಗಕ್ಕೆ ಬೇರೆಯವರನ್ನು ಹಾಕಬೇಕಾಗುತ್ತದೆ ಎಂದು ಅವಳಿಗೆ ಹೇಳಿದೆ. ಅಳಲಿಲ್ಲ. ಸರಿಯಾಗಿಯೇ ಇದ್ದ ಶೂ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದಳು.

ಆಗ ಹೊಳೆಯಿತು. ಸುಧಾಕರನನ್ನೇ ಕಾವಲುಗಾರನಾಗಿ ಅವಳೆದುರು ನಿಲ್ಲಿಸಿದೆ. ಅಪ್ಪನನ್ನು ನೋಡುವ ಚಟ ತಾನೇ? ಅಲ್ಲೇ ನೋಡಲಿ. ಆದರೆ ಈ ಮಹಾಶಯನ ಬಾಯಿ ಸುಮ್ಮನಿರಬೇಕಲ್ಲ! ನಾನು ನಿನ್ನ ಮೇಲೇ ಬರ್ತೇನೆ, ಚೆಂಡು ಅವನಿಗೆ ಎಸೆ ಅಂತ ಎದುರಾಳಿಯೇ ಸಲಹೆ ಕೊಡತೊಡಗಿದ. ಮಗಳು ವಿಧೇಯಳಾಗಿ ಎಸೆದಳು. ಇವನೋ, ಹೊಟ್ಟೆಯ ಭಾರಕ್ಕೆ ನಿಂತಲ್ಲಿಂದ ಕದಲಿರಲೇ ಇಲ್ಲ. ಜೊತೆಗಾರ ಬಂದು ನೇರ ಅವನ ಕೈಗೇ ಸಿಕ್ಕಿದ.

“ಅಪ್ಪನ ಕಾಲು ನೋಡು, ಬಾಯಿ ನೋಡಬೇಡ” ಅಂದೆ ಶ್ರಾವ್ಯಳ ಕಿವಿಯಲ್ಲಿ.

ಮುಂದಿನ ಸಲವೂ ಬಾಯಿ ಅದನ್ನೇ ಕೂಗಿತು. ಕಾಲು ಮಾತ್ರ ಜೊತೆಗಾರನ ಕಡೆ ಹೊರಟಿತು. ಶ್ರಾವ್ಯ ಎಸೆಯುವ ಹಾಗೆ ಮಾಡಿ ತಾನೇ ನುಗ್ಗಿದಳು. ಗಕ್ಕನೆ ತಿರುಗಲು ಹೋದ ಸುಧಾಕರ ಕೆಸರಿನಲ್ಲಿ ಕೂತಿದ್ದ.

ಇನ್ನು ವಾಶಿಯ ಪಂದ್ಯ. ಸುಧಾಕರ ಮತ್ತೆ ಗೆರೆಯಾಚೆ, ಗಂಟಲು ಸಮೇತ. ಮೊದಲ ಆಪ್ಷನ್‌ನಲ್ಲಿ ಶ್ರಾವ್ಯ ಅಪ್ಪನ ಕಡೆ ನೋಡಲಿಲ್ಲ. ತಾನೇ ತೀರ್ಮಾನಿಸಿದಳು. ಅದು ತಪ್ಪಾಯಿತು! ಕಾವಲುಗಾರ ಜೊತೆಗಾರನನ್ನೇ ಕಾಯುತ್ತಿದ್ದ, ಇವಳು ಚೆಂಡು ಎಸೆದೇಬಿಟ್ಟಳು. ಮುಂದೆ ಹೋಗುವ ಬದಲು ಹಿಂದೆ ಬಂದೆವು. ನನ್ನನ್ನು ನೋಡಿದ್ದರೆ ಹೇಳ್ತಿದ್ದೆನಲ್ಲ ಎಂದು ಸುಧಾಕರ ಚಡಪಡಿಸಿದ.

ಶ್ರಾವ್ಯ ಓಡಿ ಬಂದಳು. “ಸರ್, ಮೇರಿ ಗಲತಿ. ಫಿರ್ ಸೆ ವಹೀ ಪ್ಲೇ ದೋ.”

ನನ್ನ ಕೆಲಸ ಅಲ್ಲಿಗೆ ಮುಗಿಯಿತು ನೋಡಿ. ತನ್ನ ತಪ್ಪನ್ನು ತಾನೇ ಕಂಡುಕೊಂಡು, ಅದೇ ಜಾಗಕ್ಕೆ ಮತ್ತೆ ಹೋಗುತ್ತೇನೆ ಎನ್ನುವ ಮಗುವಿಗೆ ಕೋಚ್ ಇನ್ನೇನು ಕಲಿಸಬೇಕು? (ತಪ್ಪು ಮಾಡಲೂ ನಾವು ಮಕ್ಕಳಿಗೆ ಪುರಸೊತ್ತು ಕೊಡುವುದಿಲ್ಲ. ಅದನ್ನೂ ನಾವೇ ಮಾಡಿಬಿಡುತ್ತೇವೆ.) ನಿನಗೆ ತಲೆ ಕೆಟ್ಟಿದೆಯಾ ಎಂದು ಸುಧಾಕರ ನನ್ನ ಮೇಲೆ ರೇಗಿದ. ನಾನು ಅದೇ ಪಟ್ಟು ಕೊಟ್ಟೆ.

ಈ ಸಲ ಅವಳು ಚೆಂಡು ಬಿಡಲಿಲ್ಲ. ಕೊನೆಯ ಗೆರೆ ದಾಟಿದ ಮೇಲೆಯೇ ನಿಂತದ್ದು. ನಾನು ಜಿನುಗುವ ಮಳೆಯಲ್ಲೇ ಛತ್ರಿ ಎಸೆದು ಕುಣಿದೆ.

ವಾಪಸ್ ಬರುವಾಗ ಅವಳು ಗೆಳತಿಯರ ಜೊತೆ ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿ ಹತ್ತಿದಳು. ಸುಧಾಕರ ನನ್ನ ಪಕ್ಕದಲ್ಲಿ ನೇತಾಡುತ್ತಿದ್ದ. ಟ್ರೇನು ಠಾಣೆ ಮುಟ್ಟುವ ಹೊತ್ತಿಗೆ, ಕೂಗಿ ಕೂಗಿ ಒಡೆದ ಗಂಟಲಿನಲ್ಲಿ, “ಒಂದು ಸಲವೂ ನನ್ನ ಮುಖ ನೋಡಲಿಲ್ಲ ಮಾರಾಯ” ಅಂದ. ಪಾಪ, ನಿಜಕ್ಕೂ ನೊಂದಿದ್ದ.

ಅಷ್ಟು ಚೆಂದ ಓಡುವ ಮಗಳು ಹಿಂದೆ ತಿರುಗಿ ಯಾಕೆ ನೋಡಬೇಕು, ನೀವೇ ಹೇಳಿ?