ಹನ್ನೊಂದರ ಬಸ್ಸಿಗೆ ಹೂವಿಲ್ಲ

ಇನ್ನಂಜೆಯ ಸಿಸಿಲಿಯಾ ಬಾಯಿಯನ್ನು ಐದನೇ ಕ್ಲಾಸಿನಲ್ಲಿ ಶಾಲೆಯಿಂದ ಬಿಡಿಸಿದ್ದು ಬಡತನವಲ್ಲ, ಅವಳ ಬೆರಳುಗಳು. ಮಲ್ಲಿಗೆಯ ಮೊಗ್ಗನ್ನು ಬಾಳೆನಾರಿನಲ್ಲಿ ಅಷ್ಟು ಬೇಗ ಕಟ್ಟುವ ಇನ್ನೊಂದು ಕೈ ಆ ಮನೆಯಲ್ಲಿ ಇರಲಿಲ್ಲ. ‘ಇಂಥ ಕೈಗೆ ಸ್ಲೇಟು ಯಾಕೆ?’ ಎಂದು ಅಜ್ಜಿ ಕೇಳಿದ್ದಳು.  ಹತ್ತು ವರ್ಷದ ಹುಡುಗಿಗೆ ಉತ್ತರ ಹೊಳೆಯುವ ಹೊತ್ತಿಗೆ ಅಜ್ಜಿ ಇರಲಿಲ್ಲ.

ಹಾಗಾಗಿ ಮಗಳು ಇಮೆಲ್ಡಾ ಹತ್ತನೇ ಕ್ಲಾಸು ಪಾಸಾದಾಗ ಸಿಸಿಲಿಯಾ ಯಾರನ್ನೂ ಕೇಳದೆ ಅವಳನ್ನು ಪಿಯುಸಿಗೆ ಸೇರಿಸಿ ಬಂದಳು. ಗಂಡ ಕಜೆಟನ್ ಕುವೈಟಿನಲ್ಲಿ ಅಡುಗೆಯವ. ಊರಲ್ಲಿ ಹಿರಿಯನೆಂದರೆ ಅವನ ಅಣ್ಣ ಜೋಕಿಮ್. ಮನೆಮನೆಯ ಮಲ್ಲಿಗೆಯನ್ನು ಒಟ್ಟುಮಾಡಿ ಉಡುಪಿಗೆ ಕಳಿಸುವ ಏಜೆಂಟ್ ಅವನೇ. ‘ಹತ್ತೂವರೆಯವರೆಗೆ ಹೂ ಕಟ್ಟಲಿ, ಆಮೇಲೆ ಬೇಕಾದರೆ ಕಾಲೇಜಿಗೆ ಹೋಗಲಿ’ ಎಂದು ಅವನು ಒಪ್ಪಿದ. ಒಪ್ಪಿಗೆಗೆ ಕಾರಣವೂ ಇತ್ತು. ಎಲ್ಲ ಊರುಗಳಿಂದಲೂ ಮಕ್ಕಳು ಬರತೊಡಗಿ ಉಡುಪಿಯ ಆ ಜೂನಿಯರ್ ಕಾಲೇಜಿನಲ್ಲಿ ಕೋಣೆಗಳು ಸಾಲದಾಗಿದ್ದವು. ಬೆಳಿಗ್ಗೆ ಹೈಸ್ಕೂಲಿನವರು ಕುಳಿತೆದ್ದ ಬೆಂಚುಗಳಲ್ಲೇ ಹನ್ನೆರಡು ಗಂಟೆಗೆ ಪಿಯುಸಿಯವರು ಕೂರುತ್ತಿದ್ದರು.

ತೊಡಕು ಬಂದದ್ದು ಹನ್ನೊಂದರ ಬಸ್ಸಿನಿಂದ. ಅದು ಜೋಕಿಮನ ಹೂವಿನ ಕಟ್ಟುಗಳಿಗಾಗಿ ದಿನವೂ ನಿಲ್ಲುತ್ತಿತ್ತು. ಬಾಳೆಯೆಲೆಯಲ್ಲಿ ಸುತ್ತಿದ ಮಲ್ಲಿಗೆಗೆ ಡ್ರೈವರನ ಹಿಂದೆ ತಂಪಾದ ಜಾಗ. ಕಾಲೇಜಿನ ಹುಡುಗಿಯರು ಮೆಟ್ಟಿಲ ಮೇಲೆ ಕಾಲಿಡುವಷ್ಟರಲ್ಲಿ ಕಂಡಕ್ಟರ್ ತಾರಾನಾಥ ವಿಸಿಲ್ ಊದುತ್ತಿದ್ದ. ರಿಯಾಯಿತಿ ಪಾಸಿನ ಹುಡುಗಿಯರು ನಿಂತ ಜಾಗದಲ್ಲಿ ಪೂರಾ ಟಿಕೇಟಿನವರು ನಿಲ್ಲಬಹುದು ಎಂಬುದು ಅವನ ಲೆಕ್ಕ. ಆಮೇಲಿನ ಬಸ್ಸು ಒಂದು ಗಂಟೆಗೆ. ಕಟಪಾಡಿಯವರೆಗೆ ನಡೆದು ಹೆದ್ದಾರಿಯಲ್ಲಿ ಬೇರೆ ಬಸ್ಸು ಹಿಡಿದರೆ ಮೊದಲ ಪೀರಿಯಡ್ ಮುಗಿದಿರುತ್ತಿತ್ತು.

ಸಾವಿರದ ಒಂಬೈನೂರ ಎಂಬತ್ತರ ಫೆಬ್ರವರಿಯಲ್ಲಿ ಕಾಲೇಜಿನಿಂದ ಕಾಗದ ಬಂತು. ಇಮೆಲ್ಡಾಳಿಗೆ ಮೊದಲ ಪೀರಿಯಡ್ಡಿನ ರಸಾಯನಶಾಸ್ತ್ರದಲ್ಲಿ ಹಾಜರಿ ಕಡಿಮೆ. ಇನ್ನು ಮೂರು ತರಗತಿ ತಪ್ಪಿದರೆ ಪರೀಕ್ಷೆಗೆ ಕೂರುವಂತಿಲ್ಲ.

ಸಿಸಿಲಿಯಾ ಆ ಸಂಜೆ ಹೂ ಬೆಳೆಯುವ ಏಳು ಮನೆಗಳಿಗೂ ಹೋದಳು. ಅವುಗಳಲ್ಲಿ ನಾಲ್ಕು ಮನೆಯಿಂದ ಒಬ್ಬೊಬ್ಬ ಹುಡುಗಿ ಇಮೆಲ್ಡಾಳ ಜೊತೆ ಕಾಲೇಜಿಗೆ ಹೋಗುತ್ತಿದ್ದಳು. ‘ಬಸ್ಸು ಹುಡುಗಿಯರನ್ನು ಹತ್ತಿಸುವವರೆಗೆ ಅದಕ್ಕೆ ಹೂ ಕೊಡುವುದು ಬೇಡ’ ಎಂದಳು.

‘ಹೂ ಬಾಡಿದರೆ?’ ಎಂದಳು ಆ ಹುಡುಗಿಯರಲ್ಲೊಬ್ಬಳಾದ ಸುಭಾಷಿಣಿಯ ತಾಯಿ ರಮಾಮಣಿ.

‘ಬಾಡಲಿ. ಗಿಡ ನಾಳೆ ಮತ್ತೆ ಬಿಡುತ್ತದೆ. ಪಿಯುಸಿ ಹಾಗೆ ಬಿಡುತ್ತದಾ?’

ಮರುದಿನ ಬಸ್ಸು ನಿಂತಾಗ ಸಿಸಿಲಿಯಾ ಹೂವಿನ ಕಟ್ಟುಗಳ ಮುಂದೆ ನಿಂತಿದ್ದಳು.

‘ಬಾಯಮ್ಮ, ಹೂ ಕೊಡಿ ಬೇಗ. ಟೈಮಿಂಗ್ ಉಂಟು’ ಎಂದ ತಾರಾನಾಥ.

‘ಹೂವೂ ಉಂಟು, ಐದು ಹುಡುಗಿಯರೂ ಉಂಟು. ಅವರು ಮೊದಲು.’

‘ಇವರನ್ನು ಹತ್ತಿಸಿದರೆ ಕಟಪಾಡಿಯಲ್ಲಿ ಟಿಕೇಟಿನವರನ್ನು ಎಲ್ಲಿ ಕೂರಿಸುವುದು? ನನ್ನ ತಲೆಯ ಮೇಲಾ?’

‘ಅದು ಹೇಗೂ ಖಾಲಿ ಉಂಟಲ್ಲ, ಕೂರಿಸು.’

ಬಸ್ಸಿನೊಳಗೆ ನಗು ಎದ್ದಿತು. ತಾರಾನಾಥನ ಮುಖ ಕೆಂಪಾಯಿತು. ವಿಸಿಲ್ ಊದಿದ, ಬಸ್ಸು ಹೂವಿಲ್ಲದೆಯೇ ಹೋಯಿತು. ಹುಡುಗಿಯರು ನಡೆದರು. ಒಂದು ತರಗತಿ ಹೋಯಿತು.

ಜೋಕಿಮ್ ಸುಮ್ಮನಿರಲಿಲ್ಲ. ಕಟ್ಟುಗಳನ್ನು ಸೈಕಲ್ಲಿಗೇರಿಸಿ ಕಟಪಾಡಿಗೆ ತುಳಿದು ಬೇರೆ ಬಸ್ಸಿಗೆ ಹಾಕಿದ. ಬಿಸಿಲಿಗೆ ಮೊಗ್ಗು ಅರ್ಧ ಅರಳಿತು. ಅರಳಿದ ಮಲ್ಲಿಗೆಯನ್ನು ಉಡುಪಿಯ ವ್ಯಾಪಾರಿ ಮುಟ್ಟಲಿಲ್ಲ. ಜೋಕಿಮ್ ಸಂಜೆ ತಮ್ಮನ ಮನೆಯ ಅಂಗಳಕ್ಕೆ ಬಂದು ನಿಂತ.

‘ಹೆಂಗಸರು ಬಸ್ಸು ತಡೆಯುವುದು ಎಲ್ಲಿ ಉಂಟು? ಕಜೆಟನಿಗೆ ತಿಳಿಸುತ್ತೇನೆ.’

‘ತಿಳಿಸಿ ಭಾವ. ಇಮೆಲ್ಡಾ, ಆ ಏರ್‌ಮೇಲ್ ಕಾಗದ ತಾ. ನಿನ್ನ ದೊಡ್ಡಪ್ಪ ಹೇಳಿದ ಹಾಗೆ ಬರೆದುಕೊಡು.’

ಜೋಕಿಮನಿಗೆ ಸಹಿ ಹಾಕುವಷ್ಟೇ ಅಕ್ಷರ ಬರುತ್ತಿತ್ತು. ಪೆನ್ನು ಹಿಡಿದು ಕಾಯುತ್ತಿದ್ದ ಹುಡುಗಿಯನ್ನು ನೋಡಿದ. ‘ನಾಳೆ ನೋಡುವ’ ಎಂದು ಸೈಕಲ್ ತಿರುಗಿಸಿದ.

ಎರಡನೆಯ ದಿನವೂ ಬಸ್ಸು ಹುಡುಗಿಯರನ್ನು ಬಿಟ್ಟು ಹೋಯಿತು. ಸಿಸಿಲಿಯಾ ಕಟ್ಟುಗಳನ್ನು ಬಿಚ್ಚಿದಳು. ಐವರ ಜಡೆಗೂ ಮದುಮಗಳ ಜಡೆಗೆ ಮುಡಿಸುವಷ್ಟು ಮಲ್ಲಿಗೆ ಮುಡಿಸಿದಳು. ಉಳಿದದ್ದನ್ನು ಹೆಂಗಸರು ಅರ್ಧ ಇಗರ್ಜಿಗೆ, ಅರ್ಧ ದೇವಸ್ಥಾನಕ್ಕೆ ಕೊಟ್ಟರು. ಹುಡುಗಿಯರು ಮುಡಿ ತುಂಬಿದ ಹೂವಿನೊಂದಿಗೆ ನಡೆದರು. ಎರಡನೆಯ ತರಗತಿಯೂ ಹೋಯಿತು.

ಆ ದಿನ ಉಡುಪಿಯ ಬನ್ನಂಜೆಯಲ್ಲೊಂದು ಮದುವೆ. ಹೂವಿನ ವ್ಯಾಪಾರಿಯಲ್ಲಿ ಕೊಡಲು ಮೊಳ ಮಲ್ಲಿಗೆಯೂ ಇರಲಿಲ್ಲ. ಅವನು ರಸ್ತೆಯಲ್ಲಿ ಹುಡುಗಿಯರನ್ನು ಕಂಡವನೇ ಅಂಗಡಿಯಿಂದ ಇಳಿದು ಬಂದ. ‘ಇದು ನನಗೆ ಬರಬೇಕಾದ ಹೂವಲ್ಲವಾ?’

‘ಹೌದು’ ಎಂದಳು ಇಮೆಲ್ಡಾಳ ಗೆಳತಿ ಝೀಟಾ. ‘ಬಸ್ಸಿನಲ್ಲಿ ನಮಗೆ ಜಾಗ ಇಲ್ಲವಂತೆ. ಅದಕ್ಕೆ ಹೂವೂ ನಮ್ಮ ಜೊತೆ ನಡೆದುಕೊಂಡು ಬಂತು.’

ವ್ಯಾಪಾರಿ ನೇರ ಬಸ್ಸಿನ ಮಾಲಿಕನ ಮನೆಗೆ ಹೋದನೆಂದು ಝೀಟಾ ಸಂಜೆ ಬಂದು ಹೇಳಿದಳು. ಮಾಲಿಕ ಏನೆಂದನೋ ಅವಳಿಗೆ ಗೊತ್ತಿರಲಿಲ್ಲ.

ಮೂರನೆಯ ಬೆಳಿಗ್ಗೆ ಹೂ ಕಟ್ಟುತ್ತಾ ಇಮೆಲ್ಡಾ ಮೆಲ್ಲನೆ ಕೇಳಿದಳು: ‘ಅಮ್ಮಾ, ಇವತ್ತೂ ಹತ್ತಿಸದಿದ್ದರೆ?’

‘ಮುಂದಿನ ವರ್ಷ ಪುನಃ ಕೂತುಕೋ. ನಾನೂ ಪುನಃ ನಿಲ್ಲುತ್ತೇನೆ.’

ಹಾಗೆಂದಳು. ಆದರೆ ಅವಳ ಗಂಟು ಜಾರಿತು. ನಾಲ್ಕು ಮೊಗ್ಗು ಮಡಿಲಿಗೆ ಬಿದ್ದವು. ಹಾಗೆ ಆದದ್ದನ್ನು ಇಮೆಲ್ಡಾ ಎಂದೂ ಕಂಡಿರಲಿಲ್ಲ.

ಬಸ್ಸು ಬಂತು. ತಾರಾನಾಥ ಕೆಳಗಿಳಿದು ಕೈ ಚಾಚಿದ. ‘ಕೊಡಿ ಬಾಯಮ್ಮ. ಧಣಿ ಬೈದು ಸಾಕು ಮಾಡಿದ್ದಾರೆ. ಹೂ ಇಟ್ಟು, ಆಮೇಲೆ ಹುಡುಗಿಯರನ್ನು ಹತ್ತಿಸುತ್ತೇನೆ.’

ಸಿಸಿಲಿಯಾ ಕಟ್ಟನ್ನು ಸೊಂಟಕ್ಕೆ ಒತ್ತಿಕೊಂಡಳು. ‘ಮೊದಲು ಅವರು.’

‘ಟೈಮಿಂಗ್ ತಪ್ಪುತ್ತದೆ.’

‘ನನಗೆ ಮೂವತ್ತು ವರ್ಷ ತಪ್ಪಿದೆ. ನೀನು ಎರಡು ನಿಮಿಷ ಸುಮ್ಮನೆ ನಿಲ್ಲು.’

ತಾರಾನಾಥ ಬಾಗಿಲಿನಿಂದ ಪಕ್ಕಕ್ಕೆ ಸರಿದ. ಝೀಟಾ ಹತ್ತಿದಳು, ಸುಭಾಷಿಣಿ ಹತ್ತಿದಳು, ಅವರ ಹಿಂದೆ ಇಬ್ಬರು. ಕೊನೆಗೆ ಇಮೆಲ್ಡಾ. ಅವಳ ಎರಡು ಪಾದಗಳೂ ನೆಲ ಬಿಟ್ಟ ಮೇಲೆಯೇ ಸಿಸಿಲಿಯಾ ಹೂವಿನ ಕಟ್ಟನ್ನು ಕೈ ಬಿಟ್ಟದ್ದು. ಉಳಿದ ಕಟ್ಟುಗಳನ್ನು ಜೋಕಿಮನೇ ಎತ್ತಿ ಕೊಟ್ಟ.

ಅಂದಿನಿಂದ ಇಮೆಲ್ಡಾಳಿಗೆ ಒಂದು ತರಗತಿಯೂ ತಪ್ಪಲಿಲ್ಲ. ಪರೀಕ್ಷೆಗೆ ಕೂತಳು, ಪಾಸಾದಳು. ಜೂನ್ ತಿಂಗಳಲ್ಲಿ ಕಾಲೇಜು ಶುರುವಾದಾಗ ಅದೇ ಸ್ಟಾಪಿನಲ್ಲಿ ಕೊಡೆ ಹಿಡಿದು ಹನ್ನೊಂದು ಹುಡುಗಿಯರು ನಿಂತಿದ್ದರು. ತಾರಾನಾಥ ಬಾಗಿಲಲ್ಲಿ ನಿಂತು ಎಣಿಸಿದ.

‘ಇದು ಎಂತ ಬಾಯಮ್ಮ, ಇಷ್ಟು ಜನ?’

‘ಇಷ್ಟಕ್ಕೇ ಹೆದರಿದೆಯಾ ಮಾರಾಯ’ ಎಂದಳು ಸಿಸಿಲಿಯಾ. ‘ಏಳನೇ ಕ್ಲಾಸಿನಲ್ಲಿ ಇನ್ನೊಂದು ಹಿಂಡು ಉಂಟು. ದೊಡ್ಡ ಬಸ್ಸು ತರಲು ನಿನ್ನ ಧಣಿಗೆ ಈಗಲೇ ಹೇಳಿಡು.’