ಕೆರೆಗೆ ಬಂದ ಕಳೆ

ಹಾಲು ತರಲು ಹೋದ ಹೆಂಡತಿ ಒಂದೂವರೆ ಗಂಟೆ ಬಿಟ್ಟು, ಚೂಡಿದಾರದ ಕಾಲಿಗೆಲ್ಲ ಕೆಸರು ಮೆತ್ತಿಕೊಂಡು ಬಂದರೆ ಗಂಡನಾದವನು ಏನು ಕೇಳಬೇಕು? ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತದೆ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಇವತ್ತು ನಿನ್ನ ಹುಲ್ಲು ಸ್ಮೈಲ್ ಮಾಡಿತೇನೇ?"

ವಿಜಯನಗರದ ಬಾಡಿಗೆ ಮನೆ ಬಿಟ್ಟು ಕೆಂಗೇರಿಯಾಚೆಯ ಈ ಬಡಾವಣೆಗೆ ಬರುವಾಗ ನಮಗೆ 'ಲೇಕ್ ವ್ಯೂ' ಎಂದು ಹೇಳಿದ್ದರು. ವ್ಯೂ ಇತ್ತು. ಲೇಕನ್ನು ನಾವೇ ಹುಡುಕಿಕೊಳ್ಳಬೇಕಿತ್ತು. ಕೆರೆಯ ಒಂದು ಬದಿ ಪೂರ್ತಿ ಜವುಗು. ಅಲ್ಲಿ ಆಳೆತ್ತರದ ಜೊಂಡು, ಅದರ ಬುಡದಲ್ಲಿ ಕೊನ್ನಾರಿ ಹುಲ್ಲು, ದಂಡೆಯ ಮೇಲೆ ಗರಿಕೆ. ಜೊಂಡಿನ ತೆನೆಯನ್ನು ನೋಡದವರಿಗೆ ಹೇಳುವುದಾದರೆ, ಊದುಬತ್ತಿಯ ಕಡ್ಡಿಗೆ ರಾಗಿ ಕಡುಬು ಸಿಕ್ಕಿಸಿದ ಹಾಗಿರುತ್ತದೆ. ಬಲಿತ ಮೇಲೆ ಒಡೆದು ಹತ್ತಿಯಂತೆ ಹಾರುತ್ತದೆ. ನಾನು ಮೊಬೈಲಿನಲ್ಲಿ ಅದರ ಫೋಟೋ ತೆಗೆಯತೊಡಗಿ ಎರಡು ವರ್ಷವಾಗಿತ್ತು.

ಹುಲ್ಲಿನ ಫೋಟೋ ತೆಗೆಯುವುದೆಂದರೆ ಒಲೆಯ ಮೇಲಿನ ಹಾಲು ಉಕ್ಕುವುದನ್ನು ಕಾಯುವ ಹಾಗೆ. ಗಾಳಿ ನಿಲ್ಲಲಿ ಎಂದು ಉಸಿರು ಹಿಡಿದು ಕೂತರೆ ನಿಲ್ಲುವುದಿಲ್ಲ. ಸೊಳ್ಳೆ ಹೊಡೆಯಲು ಅತ್ತ ತಿರುಗಿದ ಕ್ಷಣಕ್ಕೆ ಸರಿಯಾಗಿ ನಿಲ್ಲುತ್ತದೆ. ಕೆರೆಗೆ ಸೋರೆಕಾಯಿ ಗಾತ್ರದ ಲೆನ್ಸು ಹೊತ್ತು ಬರುವ ಮಹನೀಯರೂ ಇದ್ದರು. ಅವರದು ಹಕ್ಕಿ, ಹಾಗಾಗಿ ಅವರಿಗೆ ಗೌರವ. ನಾನು ಕುಕ್ಕರುಗಾಲಲ್ಲಿ ಕೂತಿದ್ದರೆ ವಾಕಿಂಗಿನವರು ನಿಂತು ವಿಚಾರಿಸುತ್ತಿದ್ದರು.

"ಏನಾದ್ರೂ ಬೀಳಿಸ್ಕೊಂಡ್ರಾ ಆಂಟಿ?"

"ಇಲ್ಲಪ್ಪಾ, ಹುಲ್ಲಿನ ಫೋಟೋ ತೆಗೀತಿದೀನಿ."

"ಹುಲ್ಲಿಂದಾ? ಹಕ್ಕಿ ಎಲ್ಲಿದೆ?"

"ಹಕ್ಕಿ ಇಲ್ಲ."

"ಓ…"

ಆ 'ಓ'ನಲ್ಲಿದ್ದ ಕನಿಕರವನ್ನು ನಾನು ಯಾವ ಆಸ್ಪತ್ರೆಯಲ್ಲೂ ಕಂಡಿಲ್ಲ.

ಕಳೆದ ವರ್ಷ, ರಾತ್ರಿಯೆಲ್ಲ ಸುರಿದ ಮಳೆ ಬಿಟ್ಟ ಒಂದು ಬೆಳಿಗ್ಗೆ ಗಾಳಿಗೆ ನನ್ನ ಮೇಲೆ ದಯೆ ಬಂತು. ಅಲುಗಾಡದೆ ನಿಂತ ಜೊಂಡಿನ ಬೆನ್ನಿಗೆ ಎಳೆಬಿಸಿಲು. ಒಂದೊಂದು ತೆನೆಯ ಅಂಚಿಗೂ ಜರಿ ಹಾಕಿದಂತೆ ಬೆಳಕು. ಎರಡು ವರ್ಷಕ್ಕೆ ಒಂದು ಸರಿಯಾದ ಫೋಟೋ. ಸಂತೋಷ ತಡೆಯಲಾರದೆ ಜೀವನದಲ್ಲಿ ಮೊದಲ ಸಲ ಬಡಾವಣೆಯ ಸಂಘದ ವಾಟ್ಸಾಪ್ ಗುಂಪಿಗೆ ಹಾಕಿ, ಕೆಳಗೆ ಬರೆದೆ: "ನಮ್ಮ ಕೆರೆಗೆ ಎಂಥಾ ಕಳೆ ಬಂದಿದೆ ನೋಡಿ!"

ಮದುಮಗಳ ಮುಖಕ್ಕೂ ಕಳೆ ಬರುತ್ತದೆ, ರಾಗಿ ಹೊಲಕ್ಕೂ ಕಳೆ ಬರುತ್ತದೆ. ನಾನು ಮದುಮಗಳನ್ನು ನೆನೆದು ಬರೆದಿದ್ದೆ. ಗುಂಪಿನವರು ಹೊಲವನ್ನು ನೆನೆದು ಓದಿದರು.

ಉಪ್ಪಿಟ್ಟಿಗೆ ಒಗ್ಗರಣೆ ಹಾಕುವಷ್ಟರಲ್ಲಿ ಮೊಬೈಲು ಕುಣಿಯತೊಡಗಿತ್ತು. "ಛೀ, ಎಷ್ಟು ಗಲೀಜು!" "ಹಾವು ಬರತ್ತೆ, ಮಕ್ಕಳಿರೋ ಜಾಗ." "ಫೋಟೋ ಸಮೇತ ಕಂಪ್ಲೇಂಟ್ ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಮೇಡಂ." ನಾನು ಗಾಬರಿಯಿಂದ, "ಆ ಕಳೆ ಅಲ್ಲ, ಲಕ್ಷಣದ ಕಳೆ" ಎಂದು ಬರೆದೆ. ಅದರ ಮೇಲೆ ಸಾಲಾಗಿ ಗುಲಾಬಿ ಹೂಗಳ ಶುಭೋದಯಗಳು ಬಂದು ಬಿದ್ದವು. ನನ್ನ ತಿದ್ದುಪಡಿ ಅವುಗಳಡಿಯಲ್ಲಿ ಉಸಿರುಕಟ್ಟಿ ಸತ್ತಿತು.

ನಮ್ಮ ಬೀದಿಯ ದೀಪ ಕೆಟ್ಟಾಗ ಸಂಘದ ಕಾರ್ಯದರ್ಶಿಗಳು "ಪ್ರೊಸೀಜರ್ ಇದೆ" ಎಂದು ಒಂದಿಡೀ ಬೇಸಿಗೆ ಹೇಳಿದ್ದರು. ಜೊಂಡಿಗೆ ಪ್ರೊಸೀಜರ್ ಇರಲಿಲ್ಲ. ಭಾನುವಾರ ಬೆಳಿಗ್ಗೆ ಜೆಸಿಬಿ ಬಂತು. ನಾನು ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಓಡಿದೆ.

"ಸಾರ್, ನಿಲ್ಸಿ ಸಾರ್! ನಾನು ಚೆನ್ನಾಗಿದೆ ಅಂತ ಹಾಕಿದ್ದು."

"ಮೇಡಂ, ನಿಮ್ಮ ದೊಡ್ಡತನ," ಎಂದರು ಕಾರ್ಯದರ್ಶಿಗಳು ಕೈ ಮುಗಿದು. "ಕ್ರೆಡಿಟ್ ಬೇಡ ಅಂತೀರಲ್ಲಾ, ಅದೇ ನಂಗಿಷ್ಟ."

ಮಧ್ಯಾಹ್ನದ ಊಟದ ಹೊತ್ತಿಗೆ ನಮ್ಮ ಕೆರೆ ತೊಳೆದಿಟ್ಟ ಬಾಣಲೆಯಂತಾಯಿತು. ಕಿತ್ತ ಜೊಂಡು ದಂಡೆಯ ಮೇಲೆ ರಾಶಿ ಬಿದ್ದಿತ್ತು. ಮನೆಗೆ ಬಂದು ಅನ್ನಕ್ಕೆ ಇಟ್ಟೆ. ಮನೆಯವರು ಅವತ್ತು ತಮಾಷೆ ಮಾಡಲಿಲ್ಲ. ತಾವೇ ಎರಡು ತಟ್ಟೆ ಹಾಕಿದರು.

ಮುಂದಿನ ವಾರ ನನಗೆ ಸನ್ಮಾನ. ಶಾಲು ಹೊದಿಸಿದರು. ಕೈಗೆ ಕೊಟ್ಟ ಹೂಗುಚ್ಛದ ಹಿಂಬದಿಗೆ, ಅಂದಕ್ಕೆಂದು, ಒಣಗಿದ ಹುಲ್ಲಿನ ತೆನೆಗಳನ್ನು ಸಿಕ್ಕಿಸಿದ್ದರು. ಅದು ಹೂವಿನಂಗಡಿಯಿಂದ ಬಂದದ್ದು, ಹಾಗಾಗಿ ಕಳೆಯಲ್ಲ.

"ಮೇಡಂ, ನೀವೇ ಒಂದು ಆಫ್ಟರ್ ಫೋಟೋನೂ ತೆಗೆದು ಗ್ರೂಪಿಗೆ ಹಾಕ್ಬಿಡಿ," ಎಂದರು ಕಾರ್ಯದರ್ಶಿಗಳು. "ಇನ್ನೂ ಎಲ್ಲಾದ್ರೂ ಉಳಿದಿದ್ರೆ ಹೇಳಿ, ನಾಳೇನೇ ಇನ್ನೊಂದ್ಸಲ ಗಾಡಿ ಕರೆಸ್ತೀನಿ."

ಮರುದಿನ ಬೆಳಿಗ್ಗೆ ಕೆರೆಯನ್ನು ಪೂರ್ತಿ ಸುತ್ತಿದೆ. ಉಳಿದಿತ್ತು. ಹಳೆಯ ತೂಬಿನ ಗೋಡೆಯ ಹಿಂದೆ, ಜೆಸಿಬಿಯ ಕೈ ಎಟುಕದ ಮೂಲೆಯಲ್ಲಿ, ಒಂದು ಮಂಕರಿಯಲ್ಲಿ ಹಿಡಿಸುವಷ್ಟು ಜೊಂಡು. ನಾಲ್ಕು ತೆನೆ. ಎರಡು ವರ್ಷ ಅದನ್ನು ಫೋಟೋದೊಳಗೆ ತರಲು ಒದ್ದಾಡಿದವಳು, ಅವತ್ತು ಹೊರಗಿಡಲು ಒದ್ದಾಡಿದೆ. ಎಡಕ್ಕೆ ಸರಿದರೆ ತೆನೆಯ ತುದಿ ಕಾಣುತ್ತದೆ, ಬಲಕ್ಕೆ ಸರಿದರೆ ನೀರಿನಲ್ಲಿ ಅದರ ನೆರಳು ಬೀಳುತ್ತದೆ. ಕೊನೆಗೆ ತೂಬಿನ ಕಡೆ ಬೆನ್ನು ಹಾಕಿ, ಬೋಳು ನೀರು, ಬೋಳು ದಂಡೆಯನ್ನು ನೆಟ್ಟಗೆ ತೆಗೆದೆ. ಗಾಳಿ ನಿಲ್ಲಲೆಂದು ಕಾಯಬೇಕಾಗಿರಲಿಲ್ಲ. ಅಲುಗಾಡಲು ಅಲ್ಲಿ ಏನಿತ್ತು?

ಫೋಟೋ ಹಾಕಿ ಕೆಳಗೆ ಬರೆದೆ: "ಈಗ ನಮ್ಮ ಕೆರೆಗೆ ಕಳೆಯೇ ಇಲ್ಲ."

ಗುಂಪಿನ ತುಂಬ ಹೆಬ್ಬೆರಳುಗಳು. ಕಾರ್ಯದರ್ಶಿಗಳು ಕೈಮುಗಿದ ಚಿತ್ರ ಕಳಿಸಿದರು. ಗಾಡಿ ಮತ್ತೆ ಬರಲಿಲ್ಲ.