ಹೂಮಳೆಯ ಮರುದಿನದ ಕೊಲೆ

ಮೂವತ್ತು ವರ್ಷಗಳ ಹಿಂದೆ ನಾನೂ ನನ್ನ ಗೆಳೆಯನೂ ಸೇರಿ ಬರೆದ ಪತ್ತೇದಾರಿ ಕಾದಂಬರಿ ಹೋದ ತಿಂಗಳು ಅಚ್ಚಾಗಿ ಬಂತು. ಮುಖಪುಟದಲ್ಲಿ ಇಬ್ಬರ ಹೆಸರೂ ಒಂದೇ ಗಾತ್ರದಲ್ಲಿವೆ. ಅದು ಅವನ ಹಟವಂತೆ. ನನಗೆ ಅದನ್ನೂ ಸಹಿಸಲಾಗಲಿಲ್ಲ.

ಆಗ ಇಬ್ಬರಿಗೂ ಗಡ್ಡ, ಹೆಗಲಿಗೊಂದು ಜೋಳಿಗೆ, ಊರವರು ಕೊಟ್ಟ ಪೋಲಿಗಳೆಂಬ ಬಿರುದು. ನಾನು ಮೂಡಿಗೆರೆ ಕಡೆಯ ಕಾಫಿ ತೋಟದವರ ಮಗ. ಅವನ ಅಪ್ಪನಿಗೆ ಕೊಟ್ಟಿಗೆಹಾರದಲ್ಲಿ ಸೈಕಲ್ ಅಂಗಡಿ. ಅಲ್ಲಿನ ಹೋಟೆಲೊಂದರಲ್ಲಿ ನೀರುದೋಸೆ ತಿನ್ನುತ್ತಾ ಒಂದು ಅಧ್ಯಾಯ ನಾನು, ಒಂದು ಅವನು ಬರೆಯುತ್ತಿದ್ದೆವು. ಬರೆದದ್ದನ್ನು ಗಟ್ಟಿಯಾಗಿ ಓದಬೇಕು, ಓದಿದ ಮೇಲೆ ಒಂದಕ್ಷರವನ್ನೂ ತಿದ್ದುವಂತಿಲ್ಲ. ಅದು ನಮ್ಮ ಕಟ್ಟಳೆ.

ತೋಟದ ಮಾಲೀಕನ ಕೊಲೆಯಾಗುವ ಅಧ್ಯಾಯ ಅವನ ಪಾಲಿಗೆ ಬಂತು. ಕೊಲೆಯ ಹಿಂದಿನ ದಿನ, ಕಾಫಿ ಗಿಡಕ್ಕೆ ಹೂ ತರಿಸುವ ಹೂಮಳೆ ಹದವಾಗಿ ಸುರಿದಿದೆ. ಕೊಲೆಯಾದ ಸಂಜೆ ಎಲ್ಲಿದ್ದೆ ಎಂದು ಕೇಳಿದರೆ, ಹೂ ಅರಳಲೆಂದು ಗಿಡಗಳಿಗೆ ಸ್ಪ್ರಿಂಕ್ಲರ್ ಹಾಕಿಸುತ್ತಿದ್ದೆ ಅನ್ನುತ್ತಾನೆ ಮಾಲೀಕನ ಅಳಿಯ. ದೋಸೆ ನೆತ್ತಿಗೇರುವಷ್ಟು ನಕ್ಕೆ.

"ಅಲ್ಲ ಮಾರಾಯ, ಮಳೇನೇ ಬಂದು ಹೋದ್ಮೇಲೆ ಸ್ಪ್ರಿಂಕ್ಲರ್ ಯಾರು ಹಾಕ್ತಾರೆ?"

ಹೋಟೆಲಿನಲ್ಲಿದ್ದವರೂ ನಕ್ಕರು. ಅವನ ಕಿವಿ ಕೆಂಪಾಯಿತು. 

ನನ್ನ ಸರದಿ ಮುಗಿದು ಮತ್ತೆ ಅವನದು ಬಂತು. ಅದರಲ್ಲಿ ತೋಟದ ಲೆಕ್ಕ ಬರೆಯುವ ರೈಟರು ಅಳಿಯನನ್ನು ಹಿಡಿದುಕೊಡುವುದೇ ಆ ಒಂದು ಮಾತಿನಿಂದ. ಹೂಮಳೆಯ ಮರುದಿನ ನೀರು ಹಾಯಿಸಿದೆ ಅನ್ನುವವನು ತೋಟದಲ್ಲೇ ಇರಲಿಲ್ಲ! ಓದಿ ಮುಗಿಸಿದಾಗ ಪಕ್ಕದ ಬೆಂಚಿನವರು ಕಾಫಿ ಆರಿದ್ದೂ ತಿಳಿಯದೆ ಕೇಳುತ್ತಾ ಕೂತಿದ್ದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತ ಅಣಕಿಸಿದೆ. ಹೊಟ್ಟೆಗೆ ಕಿಚ್ಚು ಬಿದ್ದದ್ದು ಮಾತ್ರ ಅವತ್ತೇ. ತೋಟ ನಮ್ಮದು, ಮಳೆಯ ಹದ ಗೊತ್ತಿದ್ದವನು ನಾನು, ತಪ್ಪು ಬರೆದವನು ಅವನು. ಕತೆ ಅವನಿಗೇ ಒಲಿಯಿತು.

ಇಬ್ಬರು ಪೋಲಿಗಳ ಕಾದಂಬರಿಯನ್ನು ಆಗ ಯಾವ ಪ್ರಕಾಶಕರೂ ಮುಟ್ಟಲಿಲ್ಲ. ಅವನು ಬರೆಯುತ್ತಾ ಹೋಗಿ ದೊಡ್ಡ ಹೆಸರಾದ. ನಾನು ಕಾಫಿ ಬೆಳೆದೆ. ಈಗ ಅವನ ಹೆಸರಿಗಾಗಿಯೇ ಕೇಳಿ ಅಚ್ಚು ಹಾಕಿದ್ದಾರೆ.

ಮೂಡಿಗೆರೆಯಲ್ಲೇ ಬಿಡುಗಡೆ. ಮಾತಾಡಿದವರೆಲ್ಲ ಆ ಹೂಮಳೆಯ ಸುಳಿವನ್ನೇ ಹೊಗಳಿದರು. ಅವನು ಎದ್ದು ನಿಂತು ನನ್ನ ಕಡೆ ಕೈ ತೋರಿಸಿದ.

"ಆ ಸುಳಿವು ನಂದಲ್ಲ, ಇವನದು. ಅವತ್ತು ಇವನು ನಗದೇ ಇದ್ದಿದ್ರೆ ನಂಗೆ ಹೊಳೀತಾನೇ ಇರ್ಲಿಲ್ಲ."

ಚಪ್ಪಾಳೆ ಬಿತ್ತು. ನನಗೆ ಮೈಯೆಲ್ಲ ಉರಿಯಿತು. ಬರವಣಿಗೆಯಲ್ಲಿ ಗೆದ್ದದ್ದು ಸಾಲದೆಂದು ದೊಡ್ಡತನದಲ್ಲೂ ಇವನೇ ಗೆಲ್ಲಬೇಕೇ? ಮೈಕು ನನ್ನ ಕೈಗಿತ್ತ.

"ನಂದೇನಿಲ್ಲ, ನಾನು ನಕ್ಕಿದ್ದಷ್ಟೇ" ಅಂದೆ.

ಅದು ನಿಜವಾಗಿತ್ತು. ಜನ ವಿನಯವೆಂದುಕೊಂಡು ಗೊಳ್ಳೆಂದು ನಕ್ಕರು. ನನ್ನ ಕಿವಿ ಬಿಸಿಯಾಯಿತು. ಹೋಟೆಲಿನಲ್ಲಿ ಅವನಿಗೂ ಹೀಗೇ ಆಗಿದ್ದಿರಬೇಕು. ಆದರೆ ಅವನಿಗೆ ಬರೆಯಲು ಇನ್ನೊಂದು ಅಧ್ಯಾಯವಿತ್ತು. ನಾನು ಮೈಕನ್ನು ಅವನ ಕೈಗೇ ವಾಪಸು ಕೊಟ್ಟೆ.